ಕಿತ್ತಳೆ ನನಗೆ, ನೀಲಿ ನಿನಗೆ

ಪರದೆಯ ಮೇಲಿನ ಮುಳ್ಳು ಒಂಬತ್ತರ ಹತ್ತಿರ ಹೋಗಿ ಅಲ್ಲೇ ನಡುಗುತ್ತ ನಿಂತಿತು. ರವಿಚಂದ್ರ ಮತ್ತೆ ಒತ್ತಿದ. ಮುಳ್ಳು ಸೊನ್ನೆಗೆ ಬಿದ್ದು, ಎದ್ದು, ಮತ್ತೆ ಒಂಬತ್ತರ ಬಳಿ ಬಂದು ಸುಸ್ತಾಯಿತು. ಬೆಳಿಗ್ಗೆಯಿಂದ ಇದು ಏಳನೆಯ ಸಲ. ಪಕ್ಕದಲ್ಲಿಟ್ಟ ಫೋನಿನಲ್ಲಿ ಇದೇ ಪರೀಕ್ಷೆ ಮಾಡಿದರೆ ನೂರ ಎಂಬತ್ತು ಬರುತ್ತದೆ. ಒಂದೇ ಮನೆ, ಒಂದೇ ಸಂಪರ್ಕ. ಗಾಳಿಯಲ್ಲಿ ಬರುವ ಇಂಟರ್ನೆಟ್ಟು ಓಡಿ ಬರುತ್ತದೆ, ಕೇಬಲ್ಲಿನಲ್ಲಿ ಬರುವುದು ಕುಂಟುತ್ತದೆ. ಕೇಬಲ್ಲೆಂದರೆ ಗಟ್ಟಿ, ಭದ್ರ, ನೆಚ್ಚಿಕೊಳ್ಳಬಹುದಾದ್ದು ಎಂದು ಅವನು ಇಷ್ಟು ವರ್ಷ ನಂಬಿಕೊಂಡಿದ್ದ. ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ನಂಬಿಕೆ ಹೀಗೆ ಸುಳ್ಳಾದರೆ ಆಗುವ ಕಸಿವಿಸಿ ಬರೀ ಇಂಟರ್ನೆಟ್ಟಿನದ್ದಾಗಿರುವುದಿಲ್ಲ. ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಗೋಡೆಯ ಆಚೆ ಟಿವಿ ಶುರುವಾಯಿತೇ ಎಂದು ಕಿವಿಗೊಟ್ಟ.

ಇನ್ನೂ ಶುರುವಾಗಿರಲಿಲ್ಲ. ಗೋಡೆಯ ಆಚೆಗಿರುವುದು ತಮ್ಮ ಮುತ್ತನ ಮನೆ. ನಾಲ್ಕು ವರ್ಷದ ಹಿಂದೆ ಅದೂ ಇದೂ ಸೇರಿ ತ್ರಾಸಿಯ ಹೆದ್ದಾರಿಯಿಂದ ಕೂಗಳತೆಯಲ್ಲಿ ಒಂದೇ ಮನೆಯಾಗಿತ್ತು. ಮುತ್ತ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿಯ ಇಲೆಕ್ಟ್ರಿಷಿಯನ್. ಬೆಳಿಗ್ಗೆ ಬಂದು ಮಲಗಿ, ಹನ್ನೊಂದು ಗಂಟೆಗೆ ಎದ್ದವನೇ ಟಿವಿಯಲ್ಲಿ ಯಾವುದಾದರೂ ಹಳೆಯ ಯಕ್ಷಗಾನ ಹಾಕುತ್ತಾನೆ. ಹಾಸ್ಯಗಾರ ಬಂದಾಗ ನಗುತ್ತಾನೆ. ಎರಡು ಸಲ ಜೋರಾಗಿ, ಮೂರನೆಯದು ಗಂಟಲಲ್ಲೇ ಉಳಿದು ಕೆಮ್ಮಾಗುತ್ತದೆ. ಚಿಕ್ಕಂದಿನಿಂದಲೂ ಅವನ ನಗು ಹಾಗೇ. ರವಿಚಂದ್ರ ಈಚೆ ಕೂತು ಅದೇ ಮಾತಿಗೆ ಸದ್ದಾಗದಂತೆ ನಗುತ್ತಾನೆ. ನಾಲ್ಕು ವರ್ಷದಿಂದ ಅಣ್ಣತಮ್ಮಂದಿರ ನಡುವೆ ಉಳಿದ ಒಡನಾಟವೆಂದರೆ ಇಷ್ಟೇ, ಇದೂ ಮುತ್ತನಿಗೆ ಗೊತ್ತಿಲ್ಲ. ಭಾನುವಾರ ಮುತ್ತನ ಹೆಂಡತಿ ಶ್ರೀಲತಾ ಮಗಳನ್ನು ಕಟ್ಟಿಕೊಂಡು ತವರಿಗೆ ಬ್ರಹ್ಮಾವರಕ್ಕೆ ಹೋದರೆ, ಮುತ್ತನೂ ಹೋದರೆ, ಆ ದಿನ ರವಿಚಂದ್ರನಿಗೆ ಕೆಲಸ ಸಾಗುವುದಿಲ್ಲ. ಕಾರಣ ಕೇಳಿದರೆ ಬೆನ್ನು ನೋವೆಂದು ಹೆಂಡತಿಗೆ ಹೇಳುತ್ತಾನೆ.

ಅವನ ಕೆಲಸ ಫ್ಲೆಕ್ಸ್ ಡಿಸೈನ್. ಮದುವೆ, ಗೃಹಪ್ರವೇಶ, ಕಬಡ್ಡಿ ಪಂದ್ಯ, ಶ್ರದ್ಧಾಂಜಲಿ, ಏನೇ ಇರಲಿ, ಮೇಲೆ ದೊಡ್ಡದೊಂದು ಮುಖ, ಕೆಳಗೆ ಸಾಲುಸಾಲಾಗಿ ಸಣ್ಣ ಮುಖಗಳು. ಆ ಸಣ್ಣ ಮುಖಗಳಲ್ಲೇ ಇರುವುದು ಎಲ್ಲ ತಂಟೆ. ಯಾರ ಪಕ್ಕ ಯಾರು, ಯಾರದ್ದು ಬಿಟ್ಟುಹೋಯಿತು, ಯಾರ ತಲೆ ಯಾರದ್ದಕ್ಕಿಂತ ಒಂದು ನೂಲು ದೊಡ್ಡದಾಯಿತು! ಶಿರೂರಿನಿಂದ ಬ್ರಹ್ಮಾವರದ ತನಕ ಹೆದ್ದಾರಿಯ ಬದಿಯಲ್ಲಿ ಅವನು ಹೀಗೆ ಜೋಡಿಸಿದ ನೆಂಟಸ್ತಿಕೆಗೆ ಲೆಕ್ಕವಿಲ್ಲ. ಕಳೆದ ಜೂನಿನಲ್ಲಿ ಮುತ್ತನ ಮಗಳು ಪೂಜಿತಾ ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದಾಗ ಬಸ್ ಸ್ಟಾಪಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು, ಬೈಂದೂರಿನ ಇನ್ನಾರಿಂದಲೋ ಮಾಡಿಸಿದ್ದು. ಶುಭ ಕೋರುವವರು ಇಪ್ಪತ್ತೊಂದು ಜನ. ಅವನು ಬಸ್ಸು ಕಾಯುವವನ ಹಾಗೆ ನಿಂತು ಎರಡು ಸಲ ಎಣಿಸಿದ. ಐಸ್ ಪ್ಲಾಂಟಿನ ಮ್ಯಾನೇಜರ್ ಇದ್ದ, ದೂರದ ಮಾವ ದುಗ್ಗಪ್ಪ ಇದ್ದ, ದೊಡ್ಡಪ್ಪ ಇರಲಿಲ್ಲ. ಹುಡುಗಿಯ ಮುಖಕ್ಕೆ ಬೆಳಕು ಹೆಚ್ಚು ಕೊಟ್ಟು ಕೆಡಿಸಿದ್ದರು. ಆ ದಿನ ಮನೆಗೆ ಬಂದು ಅವನು ಅದೇ ಫ್ಲೆಕ್ಸನ್ನು ತಾನೇ ಒಮ್ಮೆ ಮಾಡಿದ; ಹುಡುಗಿಯ ಮುಖ ತಿದ್ದಿದ, ಮೊದಲ ಸಾಲಿನಲ್ಲಿ ಮೊದಲನೆಯವನಾಗಿ ತನ್ನ ಫೋಟೊ ಇಟ್ಟ. ಆ ಫೈಲು ಈಗಲೂ ಕಂಪ್ಯೂಟರಿನಲ್ಲಿದೆ.

ಈಗ ಹೋಗಬೇಕಾದದ್ದು ಮರವಂತೆಯ ಗುಲಾಬಿಯಮ್ಮನ ಶ್ರದ್ಧಾಂಜಲಿ, ನಲವತ್ತಮೂರು ಮುಖ. ಭಾರದ ಫೈಲು ಅರ್ಧ ಹೋಗಿ ಕಡಿದು, ಮತ್ತೆ ಮೊದಲಿನಿಂದ ಹೊರಡುತ್ತಿತ್ತು. ಕುಂದಾಪುರದ ಪ್ರೆಸ್ಸಿನ ವಿಜೇತಾ ಎರಡು ಸಲ ಫೋನು ಮಾಡಿದ್ದಳು. "ರವಿಯಣ್ಣ, ಮೆಷಿನ್ ಖಾಲಿ ಕೂತಿತ್ತ್. ಫೈಲ್ ಎಲ್ಲಿ?" ಮೂರನೆಯ ಸಲ ಅವಳು ಫೋನು ಮಾಡುವ ಮೊದಲೇ ಅವನು ಪೆನ್ ಡ್ರೈವನ್ನು ಲಕೋಟೆಗೆ ಹಾಕಿ, ಹೆದ್ದಾರಿಗೆ ಓಡಿ, ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದ. ಕಂಡಕ್ಟರ್ ಲಕೋಟೆಯನ್ನು ಕಿವಿಯ ಬಳಿ ಅಲ್ಲಾಡಿಸಿ, "ಎಂತ ಮಾರ್ರೆ, ಇಂಟರ್ನೆಟ್ ಬಸ್ಸಂಗೆ ಹೋಪುಕೆ ಶುರು ಮಾಡ್ತಾ?" ಎಂದ. ಬಸ್ಸಿನೊಳಗೆ ಯಾರೋ ನಕ್ಕರು. ರವಿಚಂದ್ರನೂ ನಕ್ಕ. ತಿರುಗಿ ಬರುವಾಗ ಆ ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿದೆ ಎಂದು ಗೊತ್ತಾಗಿ ಕೈಯಿಂದ ಒರೆಸಿಕೊಂಡ.

ಬೈಂದೂರಿನ ಕೇಬಲ್ ಆಫೀಸಿನ ಸಚಿನ್ ಮೊದಲು ಫೋನಿನಲ್ಲೇ ವೈದ್ಯ ಮಾಡಿದ. "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಕಾಂಬ" ಎಂದ, ಮಾಡಿದ್ದಾಯಿತು. "ಪ್ಲಗ್ ಬೇರೆ ತೂತಿಗೆ ಹಾಕಿ ಕಾಣಿ" ಎಂದ, ಅದೂ ಆಯಿತು. ಕಂಪ್ಯೂಟರಿನ ಬೆನ್ನಿನ ಧೂಳು ಊದಿದ್ದೂ ಆಯಿತು. ಮುಳ್ಳು ಒಂಬತ್ತು ಬಿಟ್ಟು ಏಳಲಿಲ್ಲ. ಹನ್ನೊಂದರ ಹೊತ್ತಿಗೆ ಅವನೇ ಬೈಕಿನಲ್ಲಿ ಬಂದ. ಮೇಜನ್ನು ಎಳೆದು, ಹಿಂದಿನ ಗೋಡೆಯಲ್ಲಿದ್ದ ಬಿಳಿ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಫೋನಿನ ಬೆಳಕು ಬಿಟ್ಟು ಒಳಗೆ ನೋಡಿದ. ಆಗಲೇ ಆಚೆ ಕಡೆ ಚೆಂಡೆಯ ಸದ್ದು ಎದ್ದಿತು. ಮುತ್ತ ಎದ್ದಿದ್ದ.

"ಇದ್ ಯಾರ್ ಮಾಡದ್ ರವಿಯಣ್ಣ?" ಸಚಿನ್ ಕೇಳಿದ. "ಒಂದ್ ಕೇಬಲ್ಲಂಗೆ ಎಂಟ್ ಎಳೆ ಇರತ್ತ್. ನಾಕ್ ಎಳೆ ನಿಮ್ಮ ಕಂಪ್ಯೂಟ್ರಿಗ್ ಬಂದಿತ್ತ್. ಉಳ್ದ್ ನಾಕ್ ಕಾಣಿ, ಈ ತೂತಂಗೆ ಗೋಡಿಯಿಂದ ಆಚಿಗ್ ಹೋಯ್ತ್."

"ಆಚಿಗಾ?"

"ನಿಮ್ಮ ತಮ್ಮನ ಟಿವಿ ಓಡುದ್ ನಿಮ್ಮ ಲೈನಂಗೆ. ಚಾವಡಿಯಂಗೆ ಆ ನೆಟ್ಟಿನ ಡಬ್ಬಿಗೆ ಎರಡ್ ಪ್ಲಗ್ ಹಾಕಿರ್ ಅಲ್ದಾ? ಒಂದ್ ನಿಮ್ದ್, ಒಂದ್ ಅವರ್ದ್." ಸಚಿನ್ ಒಂದು ಎಳೆಯನ್ನು ಉಗುರಿನಿಂದ ಕೆರೆದ, ಹಸಿರು ಕಿಲುಬು ಪುಡಿಯಾಗಿ ಉದುರಿತು. "ಉಪ್ಪಿನ ಗಾಳಿಗ್ ನಿಮ್ಮ ಬದಿ ಹಿಡ್ದಿತ್ತ್. ನಾಳೆ ಸಾಮಾನ್ ತಂದ್ ಈ ನಾಕನ್ನೇ ಹೊಸ್ತಾಗಿ ಕಟ್ಟಿರೆ ತೊಂಬತ್ತರ ತನಕ ಬತ್ತ್. ನಿಮ್ಗೆ ಅಷ್ಟ್ ಧಾರಾಳ ಸಾಕ್. ಪೂರ್ತಿ ಬೇಕ್ ಅಂದ್ರೆ ಎಂಟೂ ಎಳೆ ನಿಮ್ಗೇ ಬರ್ಕ್. ಅವರ್ದ್ ತೆಗೀಕ್."

"ಬರೀ ಆ ಪ್ಲಗ್ ತೆಗ್ದ್ರೆ?"

"ಬರೀ ಅದ್ ತೆಗ್ದ್ರೆ ಎಂತ ಪ್ರಯೋಜ್ನ ಇಲ್ಲೆ. ಅವರ ಟಿವಿ ನಿಲ್ಲತ್ತ್, ನಿಮ್ದ್ ಒಂಬತ್ತೇ ಇರತ್ತ್." ಸಚಿನ್ ಪೆಟ್ಟಿಗೆ ಮುಚ್ಚಿ, ಕೈಯೊರೆಸಿಕೊಂಡು, ನಾಳೆ ಬೆಳಿಗ್ಗೆ ಬತ್ತೆ ಎಂದು ಹೋದ.

ರವಿಚಂದ್ರ ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತೇ ಇದ್ದ. ಆಚೆ ಹಾಸ್ಯಗಾರ ಬಂದಿದ್ದ. ಮುತ್ತ ಎರಡು ಸಲ ನಕ್ಕು ಕೆಮ್ಮಿದ. ಆ ನಗು ನಾಲ್ಕು ವರ್ಷದಿಂದ ತನ್ನ ಕೇಬಲ್ಲಿನಲ್ಲೇ ಹೋಗಿ ತನ್ನ ಕಿವಿಗೇ ವಾಪಸು ಬರುತ್ತಿತ್ತು. ಅಂದರೆ ಮುತ್ತ ಅದನ್ನು ಕಿತ್ತುಹಾಕಿಲ್ಲ. ಮರೆತನೋ, ಬೇಕೆಂದೇ ಇಟ್ಟುಕೊಂಡನೋ? ಇಲೆಕ್ಟ್ರಿಷಿಯನ್ ಆದವನು ಮರೆಯುವುದುಂಟೇ? ಇದು ಯಾರು ಮಾಡಿದ್ದೆಂದು ಸಚಿನ್ ಕೇಳಿದ್ದ. ಮುತ್ತನೇ ಮಾಡಿದ್ದು, ಮನೆ ಒಂದಾಗಿದ್ದಾಗ, ಈ ಮೇಜಿನ ಕೆಳಗೇ ನುಸುಳಿ ಕೂತು, ಬಾಯಲ್ಲಿ ಇಕ್ಕುಳ ಕಚ್ಚಿಕೊಂಡು. ಹೊರಗೆ ಅಮ್ಮ ಹಪ್ಪಳ ಒಣಗಿಸುತ್ತಿದ್ದಳು. ಬಣ್ಣಕ್ಕೆರಡರಂತೆ ಎಂಟು ಎಳೆಗಳನ್ನು ಹೂವಿನಂತೆ ಬಿಡಿಸಿ ಹಿಡಿದು ಮುತ್ತ ಹೇಳಿದ್ದ, "ಅಣ್ಣ, ಟಿವಿಗೆ ಬೇರೆ ಕೇಬಲ್ ಎಳೂಕೆ ನಂಗೆ ಉದಾಸ್ನ. ನಾಕ್ ನಿಂಗೆ, ನಾಕ್ ಟಿವಿಗೆ. ನೀ ಆರ್ಸ್ಕೊ."

"ಸಣ್ಣವ ಅಲ್ದನಾ ಮೊದ್ಲ್ ಆರ್ಸೂದ್?" ರವಿಚಂದ್ರ ನಗುತ್ತ ಕೇಳಿದ್ದ.

"ಪಾಲ್ ಮಾಡ್ದವ ಆರ್ಸೂಕಾಗ. ಇವತ್ತ್ ಪಾಲ್ ಮಾಡದ್ ನಾನ್. ನೀ ಆರ್ಸ್."

ಕಿತ್ತಳೆ, ಹಸಿರು ನನಗೆ ಎಂದಿದ್ದ ರವಿಚಂದ್ರ. ನೀಲಿಯೂ ಕಂದೂ ಗೋಡೆಯ ತೂತಿನಲ್ಲಿ ನುಸುಳಿ ಒಳಕೋಣೆಗೆ ಹೋದವು. ಆಗ ಅದು ಬರೀ ಒಳಕೋಣೆ.

ಅಮ್ಮ ಹೋದ ಮೇಲಿನ ಪಾಲಿನ ದಿನ ಆ ಆಟವೇ ನಿಜವಾಯಿತು. ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಆರಿಸಬೇಕು. ಮಾಡುವವನು ಮೋಸ ಮಾಡದಿರಲೆಂದು ಹಿರಿಯರು ಇಟ್ಟ ಕಟ್ಟಳೆ. ರವಿಚಂದ್ರ ಮನೆಯನ್ನು ನಡುಗೋಡೆ ಇದ್ದಂತೆ ಎರಡು ಮಾಡಿದ. ಪೂರ್ವಕ್ಕೆ ಚಾವಡಿ, ದೇವರ ಕೋಣೆ, ಈ ಕೆಲಸದ ಕೋಣೆ. ಪಶ್ಚಿಮಕ್ಕೆ ಒಳಕೋಣೆ, ಅಡುಗೆಮನೆ, ಸೋರುವ ಮಾಡು. ಎರಡೂ ಸಮ ಎಂದು ಅವನು ಹೇಳಿದ್ದು ಸುಳ್ಳೆಂದು ಕೂತ ಹನ್ನೆರಡು ಜನಕ್ಕೂ ಗೊತ್ತಿತ್ತು. ಮುತ್ತ ಚಾವಡಿಯ ಭಾಗವನ್ನೇ ಎತ್ತಿಕೊಳ್ಳುತ್ತಾನೆಂದು ಅವನು ಹಲ್ಲು ಕಚ್ಚಿ ಕೂತಿದ್ದ. ಮುತ್ತ, "ನಂಗೆ ಪಶ್ಚಿಮ ಸಾಕ್. ಅಣ್ಣ ಚಾವಡಿಯಂಗೆ ಕೂಕಂಡ್ ಅಭ್ಯಾಸ ಆದವ" ಎಂದ. ಎಲ್ಲರ ಕಣ್ಣೂ ರವಿಚಂದ್ರನ ಮೇಲೆ ಬಿತ್ತು. ಆ ಔದಾರ್ಯವನ್ನು ತಡೆದುಕೊಳ್ಳಲಾಗದೆ, ತಮಾಷೆಯೆಂಬಂತೆ, ಅವನ ಬಾಯಿಂದ ಬಂತು: "ಬೊಂಬಾಯಂಗೆ ಗ್ಲಾಸ್ ತೊಳ್ದವಂಗೆ ಚಾವಡಿ ಬೆಲೆ ಎಂತ ಗೊತ್ತ್?" ಒಬ್ಬಿಬ್ಬರು ನಕ್ಕರು ಕೂಡ. ಮುತ್ತ ಹದಿನಾಲ್ಕನೆಯ ವಯಸ್ಸಿಗೆ ಬೊಂಬಾಯಿ ಬಸ್ಸು ಹತ್ತಿದ್ದು ಅಣ್ಣ ಕುಂದಾಪುರದ ಕಾಲೇಜು ಬಿಡದಿರಲೆಂದು. ಬಸ್ಸಿನ ಕಿಟಕಿಯಿಂದ ಅವನು ಅತ್ತಿರಲಿಲ್ಲ, ಅಣ್ಣನ ಹೊಸ ಪ್ಯಾಂಟಿನ ಬಣ್ಣ ಚೆನ್ನಾಗಿದೆ ಎಂದಿದ್ದ. ಪಾಲಿನ ದಿನ ಅವನು ಪೆನ್ನು ಎಳೆದುಕೊಂಡ. ಸಹಿ ಹಾಕಿ ಎದ್ದ. ಮರುವಾರ ನಡುವಿನ ಬಾಗಿಲಿಗೆ ಕಲ್ಲಿಟ್ಟು ಮುಚ್ಚಿದರು. ಹಂಡೆ, ಏಣಿ, ಕಡೆಯುವ ಕಲ್ಲು ಎಲ್ಲ ಪಟ್ಟಿಯಲ್ಲಿತ್ತು. ಮೇಜಿನ ಹಿಂದಿನ ತೂತು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಊಟವಾದ ಮೇಲೆ ರವಿಚಂದ್ರ ಚಾವಡಿಗೆ ಹೋಗಿ ಆ ಡಬ್ಬಿಯ ಮುಂದೆ ನಿಂತ. ಎರಡು ಪ್ಲಗ್. ತೆಗೆದರೆ ತನಗೆ ಏನೂ ಸಿಗುವುದಿಲ್ಲ ಎಂಬುದು ಚೆನ್ನಾಗಿ ನೆನಪಿತ್ತು. ಆದರೆ ಟಿವಿ ನಿಂತರೆ ಮುತ್ತ ಬರಬೇಕಾಗುತ್ತದೆ. ನಾಲ್ಕು ವರ್ಷ ತಾನು ಇಟ್ಟಿರದ ಹೆಜ್ಜೆಯನ್ನು ಅವನಿಂದ ಇಡಿಸಬೇಕು. ಅಣ್ಣ, ನೆಟ್ ಇತ್ತಾ ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಸಾಕು, ಒಳಗೆ ಬಾ ಎನ್ನಬಹುದು. ಆ ದಿನ ಅಂದದ್ದು ತಪ್ಪಾಯಿತು ಎನ್ನಬಹುದು. ಪೂಜಿತಾಳ ಫ್ಲೆಕ್ಸ್ ತೋರಿಸಬಹುದು. ಅವನು ಮುತ್ತನ ಪ್ಲಗ್ಗನ್ನು ಎಳೆದ. ಸಣ್ಣ ಕಡ್ಡಿ ಮುರಿದಂತೆ ಸದ್ದಾಯಿತು. ಆಚೆ ಭಾಗವತರ ಹಾಡು ಇನ್ನೂ ಸ್ವಲ್ಪ ಹೊತ್ತು ಸಾಗಿ, ಪದದ ಮಧ್ಯದಲ್ಲಿ ನಿಂತಿತು.

"ಟಿವಿ ನಿಂತ್ತಲೆ!" ಶ್ರೀಲತಾಳ ದನಿ ಗೋಡೆಯೊಳಗಿನಿಂದ ಬಂತು. ಮುತ್ತ ಏನೋ ಹೇಳಿದ, ಕೇಳಿಸಲಿಲ್ಲ. ರವಿಚಂದ್ರ ಅಂಗಿ ಹಾಕಿಕೊಂಡು ಚಾವಡಿಯಲ್ಲಿ ಕೂತ. ಬರಿಮೈಯಲ್ಲಿ ಕೂತು ಅಂಥ ಮಾತು ಆಡುವುದು ಸರಿಯಲ್ಲ ಎನಿಸಿತ್ತು. ನಾಲ್ಕು ಗಂಟೆಗೆ ಚಾಕ್ಕೆ ಹಾಲು ಹೆಚ್ಚು ಹಾಕೆಂದು ಒಳಗೆ ಕೂಗಿ ಹೇಳಿದ. ಅಂಗಳದಲ್ಲಿ ಹೆಜ್ಜೆ ಕೇಳಿದಾಗಲೆಲ್ಲ ಪೇಪರು ಎತ್ತಿ ಹಿಡಿದ. ಮೀನಿನ ಹೆಂಗಸು ಬಂದಳು, ಗ್ಯಾಸಿನವನು ಬಂದ. ಐದು ಗಂಟೆಗೆ ಹೆಂಡತಿ ಪ್ರಫುಲ್ಲಾ ಬಾವಿಕಟ್ಟೆಯಿಂದ ಕೊಡ ಹೊತ್ತು ಬಂದಳು. ಹೆಂಗಸರಿಬ್ಬರು ಅಲ್ಲಿ ಮಾತಾಡಿಕೊಳ್ಳುತ್ತಾರೆ. ಗಂಡಸರು ಕಂಡರೆ ನಿಲ್ಲಿಸುತ್ತಾರೆ.

"ಹ್ವಾಯ್, ಶ್ರೀಲತಾ ಕೇಣ್ತ್, ನಿಮ್ಗೆ ನೆಟ್ ಇತ್ತಾ ಅಂದೇಳಿ. ನಾ ಕಂಡ್ಕಂಡ್ ಹೇಳ್ತೆ ಅಂದೆ." ಅವಳು ಕೊಡ ಇಳಿಸಿ ಗಂಡನ ಅಂಗಿಯನ್ನೂ ಡಬ್ಬಿಯಿಂದ ನೇತಾಡುವ ಪ್ಲಗ್ಗನ್ನೂ ನೋಡಿದಳು. "ನೀವೇ ತೆಗ್ದ್ರಿಯಾ?"

ಅವನು ಪೇಪರಿನ ಹಾಳೆ ತಿರುವಿದ.

"ಒಂದ್ ಹೆಜ್ಜಿ ನೀವೇ ಹೋಯ್ ಕೇಂಡ್ರೆ ಎಂತ ಆತ್? ಅವ್ರ್ ಇಲ್ಲೆ ಅಂತ್ರಾ?"

"ನಮ್ಗೆ ನೆಟ್ ಇತ್ತ್ ಅಂತ ಹೇಳ್ ಹೋಯ್" ಎಂದ ರವಿಚಂದ್ರ.

ಅವಳು ಹೇಳಲು ಹೊರಟ ಮೇಲೆ ಅವನು ಬಾಗಿಲ ಕಡೆಗೆ ತಿರುಗಿ ಕೂತ. ಈಗ ಮುತ್ತನಿಗೆ ಗೊತ್ತಾಗುತ್ತದೆ, ಲೈನು ಹೋದದ್ದಲ್ಲ, ಅಣ್ಣ ಕಿತ್ತದ್ದು ಎಂದು. ಸಿಟ್ಟಿನಿಂದಾದರೂ ಬರುತ್ತಾನೆ. ಬಂದು ಬೈದರೂ ಸಾಕಿತ್ತು, ಬೈಗುಳವೂ ಮಾತೇ. ಐದೂವರೆಗೆ ಆಚೆ ಬೈಕು ಹೊರಡುವ ಸದ್ದಾಯಿತು. ಅದು ಅಂಗಳದ ಅಂಚಿನಲ್ಲಿ, ಎರಡೂ ಮನೆಗೆ ಸೇರಿದ ಮಣ್ಣಿನ ದರೆಯ ಹತ್ತಿರ, ಒಮ್ಮೆ ನಿಧಾನವಾಯಿತು. ರವಿಚಂದ್ರ ಎದ್ದು ನಿಂತ. ಬೈಕು ಗಂಗೊಳ್ಳಿಯ ಕಡೆಗೆ ಹೋಯಿತು. ಅವನು ಡಬ್ಬಿಯ ಬಳಿ ಹೋಗಿ ಪ್ಲಗ್ಗನ್ನು ಎರಡು ಬೆರಳಲ್ಲಿ ಹಿಡಿದ. ಈಗಲೇ ಹಾಕಿದರೆ ಸೋತಂತೆ, ಬೆಳಿಗ್ಗೆ ಅವನು ಬರುವ ಹೊತ್ತಿಗೆ ಹಾಕಿದರಾಯಿತು ಎಂದುಕೊಂಡು ಬಿಟ್ಟ. ಮುತ್ತನಿಗೆಂದು ಇಟ್ಟ ಮೂರನೆಯ ಲೋಟದ ಚಾ ಕೆನೆಗಟ್ಟಿತ್ತು. ಪ್ರಫುಲ್ಲಾ ಅದನ್ನು ಚೆಲ್ಲಿದಳು.

ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದವನಿಗೆ ಮೊದಲು ಕಂಡದ್ದು ಏಣಿ. ಅದು ಮುತ್ತನ ಮನೆಯ ಪಶ್ಚಿಮದ ಮಾಡಿಗೆ ಒರಗಿತ್ತು, ಅದರ ಮೇಲೆ ಸಚಿನ್ ಇದ್ದ. ಕಂಬದಿಂದ ಕಪ್ಪು ಬಣ್ಣದ ಹೊಸ ಎಳೆಯೊಂದು ತೆಂಗಿನ ಮರ ದಾಟಿ ಆಚೆ ಕಡೆಗೆ ಹೋಗಿತ್ತು. ರವಿಚಂದ್ರನ ಬಾಯಲ್ಲಿದ್ದ ನೊರೆ ಗಲ್ಲಕ್ಕೆ ಇಳಿಯಿತು. ಅವನು ಒಳಗೆ ಓಡಿಹೋಗಿ ಮುತ್ತನ ಪ್ಲಗ್ಗನ್ನು ಡಬ್ಬಿಗೆ ಸಿಕ್ಕಿಸಿದ. ದೀಪ ಹತ್ತಲಿಲ್ಲ. ತೆಗೆದು ಮತ್ತೆ ಹಾಕಿದ. ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.

ಗಂಟೆಯೊಂದಾದ ಮೇಲೆ ಸಚಿನ್ ಈಚೆಗೆ ಬಂದ. ಅವನ ಕೈಯಲ್ಲಿ ಒಂದು ಸಣ್ಣ ಸುರುಳಿ ಇತ್ತು. ನೀಲಿ ಎರಡು, ಕಂದು ಎರಡು, ನೀಟಾಗಿ ಸುತ್ತಿ ತುದಿಗೆ ಗಂಟು ಹಾಕಿದ್ದು. "ಹೊಸ ಕನೆಕ್ಷನ್ ತಕಂಡ್ರ್. ಟಿವಿ ಆ ಕೊನೆ ಕೋಣಿಗ್ ಹಾಕ್ಸಿರ್" ಎಂದು ಸುರುಳಿಯನ್ನು ಮೇಜಿನ ಮೇಲಿಟ್ಟ. "ಇದನ್ನ ಕೊಡೂಕೆ ಹೇಳಿರ್."

"ಎಂತ ಹೇಳ್ದ? ಸಮಾ ಹೇಳ್, ಹ್ಯಾಂಗೆ ಅಂದ ಹಾಂಗೇ ಹೇಳ್."

ಸಚಿನ್ ತಲೆ ಕೆರೆದುಕೊಂಡ. "ಅಣ್ಣಂಗೆ ಕೊಡ್ ಅಂದ್ರ್. ಅಣ್ಣನ್ದ್ ನಿಧಾನ ಆತಿದ್ದಿತ್ತ್ ಅಂತ ನಂಗ್ ಗೊತ್ತಿರ್ಲಿಲ್ಲೆ, ಒಂದ್ ಮಾತ್ ಹೇಳಿರೆ ನಾನೇ ತೆಗ್ದ್ ಕೊಡ್ತಿದ್ದೆ ಅಂದ್ರ್."

ಅಣ್ಣ. ನಾಲ್ಕು ವರ್ಷದ ಮೇಲೆ ಆ ಶಬ್ದ ಇನ್ನೊಬ್ಬನ ಬಾಯಲ್ಲಿ ಬಂದು ಮೇಜಿನ ಮೇಲೆ ಸುರುಳಿಯ ಪಕ್ಕದಲ್ಲಿ ಕೂತಿತು. ಸಚಿನ್ ಆಗಲೇ ಕೆಲಸಕ್ಕೆ ತೊಡಗಿದ್ದ. ಗೋಡೆಯ ಪೆಟ್ಟಿಗೆಯೊಳಗೆ ಉಳಿದಿದ್ದ ಎಂಟೂ ಎಳೆಗಳ ಕಿಲುಬಿನ ತುದಿ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿ ಹೊಸ ಪ್ಲಗ್ಗಿಗೆ ತುರುಕಿ, ಇಕ್ಕುಳ ಒತ್ತಿದ. ಚಾವಡಿಯ ತುದಿಗೂ ಹಾಗೇ ಮಾಡಿದ. ಕಂಪ್ಯೂಟರಿನಲ್ಲಿ ಪರೀಕ್ಷೆ ಒತ್ತಿದ. ಮುಳ್ಳು ಒಂಬತ್ತನ್ನು ತಿರುಗಿಯೂ ನೋಡದೆ ಐವತ್ತು, ನೂರು, ನೂರ ಐವತ್ತು ದಾಟಿ, ನೂರ ತೊಂಬತ್ತೆಂಟರಲ್ಲಿ ಅಲುಗಾಡದೆ ನಿಂತಿತು. "ಸಮ ಆಯ್ತಲೆ ರವಿಯಣ್ಣ?" ಎಂದು ಸಚಿನ್ ಚೀಲ ಹೆಗಲಿಗೇರಿಸಿದ. ರವಿಚಂದ್ರ ಹ್ಞೂಂ ಎಂದ.

ಸಚಿನ್ ಹೋದ. ಹನ್ನೊಂದು ಗಂಟೆಯಾಗಿತ್ತು. ಚೆಂಡೆ ಇಲ್ಲ, ನಗು ಇಲ್ಲ. ಕೊನೆಯ ಕೋಣೆಯಿಂದ ಇಲ್ಲಿಗೆ ಏನೂ ಕೇಳುವುದಿಲ್ಲ. ಮೇಜು ಇನ್ನೂ ಎಳೆದೇ ಇತ್ತು. ಗೋಡೆಯ ಬುಡದಲ್ಲಿ ತೂತು ಕಂಡಿತು, ಎಳೆಗಳಿಲ್ಲದೆ, ಬೆರಳು ಹೋಗುವಷ್ಟು. ಅದರಲ್ಲಿ ಆಚೆಯ ಬೆಳಕಿತ್ತು. ರವಿಚಂದ್ರ ನೆಲದ ಮೇಲೆ ಮೊಣಕಾಲೂರಿ, ಕೆನ್ನೆಯನ್ನು ಗೋಡೆಗಿಟ್ಟು ನೋಡಿದ. ನೆಲದ ಒಂದು ತುಂಡು ಕಂಡಿತು, ಕೆಂಪು ಗಾರೆ, ಅವರಿಬ್ಬರೂ ಚಿಕ್ಕಂದಿನಲ್ಲಿ ಬೇಸಗೆಯ ಮಧ್ಯಾಹ್ನ ಹೊಟ್ಟೆ ತಂಪಾಗಲೆಂದು ಬೋರಲು ಮಲಗುತ್ತಿದ್ದ ಜಾಗ. ಆಮೇಲೆ ಬೆಳಕು ಕಪ್ಪಾಯಿತು. ಆಚೆ ಯಾರೋ ಬಂದು ಕೂತರು. ಕರಣೆ ತಟ್ಟೆಗೆ ತಾಗಿದ ಸದ್ದು, ಹಸಿ ಸಿಮೆಂಟಿನ ವಾಸನೆ, ಮತ್ತೆ ಒಂದು ಹೆಬ್ಬೆರಳು, ತುದಿಯಲ್ಲಿ ಹಳೆಯ ಸುಟ್ಟ ಕಲೆ ಇದ್ದದ್ದು, ತೂತಿನ ಬಾಯಿಗೆ ಬಂತು.

"ಮುತ್ತಾ" ಎಂದ ರವಿಚಂದ್ರ.

ಬೆರಳು ನಿಂತಿತು. ಆಚೆಯ ಉಸಿರು ಕೇಳಿಸಿತು.

"ಎಂತ?"

ನಿನ್ನೆ ಇಡೀ ದಿನ ಅಂಗಿ ಹಾಕಿಕೊಂಡು ಕೂತು ಜೋಡಿಸಿದ ಮಾತು ಬಾಯ ತನಕ ಬಂತು. ತಪ್ಪಾಯಿತು ಎಂಬುದು ಒಂದೇ ಶಬ್ದ. ಅದು ಒಮ್ಮೆ ಹೊರಟಿತು, ಗಂಟಲಲ್ಲಿ ಕಡಿಯಿತು, ಮತ್ತೆ ಮೊದಲಿನಿಂದ ಹೊರಟಿತು.

"ಎಂತ ಇಲ್ಲೆ" ಎಂದ ಅವನು. "ಸ್ಪೀಡ್ ಈಗ ಸಮ ಆಯ್ತ್."

ಬೆರಳು ಅಲ್ಲೇ ಇತ್ತು. ಮುತ್ತ ಇನ್ನೂ ಏನಕ್ಕೋ ಕಾದಂತಿತ್ತು.

"ಹೌದಾ" ಎಂದ ಕೊನೆಗೆ. "ಒಳ್ಳೇದಾಯ್ತ್ ಅಣ್ಣ."

ಬೆರಳು ಮುಂದೆ ಬಂತು. ಬೆಳಕು ಹೋಯಿತು. ಹಸಿ ಸಿಮೆಂಟು ಈಚೆಯ ಬದಿಗೆ ಒಂದು ಕಡಲೆಯಷ್ಟು ಉಬ್ಬಿ ಬಂದು ಉದುರುವಂತಾಯಿತು. ರವಿಚಂದ್ರ ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟ. ಆಚೆಯಿಂದ ಮುತ್ತ ಒತ್ತುತ್ತಿದ್ದಷ್ಟು ಹೊತ್ತೂ ಈಚೆಯಿಂದ ಅವನೂ ಒತ್ತಿ ಹಿಡಿದ.